ವಿಯೆನ್ನಾ, ಪ್ರಾಗ್, ಬುಡಾಪೆಸ್ಟ್: ನಾಲ್ಕು ರಾತ್ರಿ ಯಾವ ಊರಲ್ಲಿ?

ಊರಿಂದ ಯಾರಾದರೂ "ಯುರೋಪಿಗೆ ಬರ್ತಾ ಇದ್ದೀವಿ" ಎಂದು ಫೋನ್ ಮಾಡಿದರೆ ಅವರ ಕೈಯಲ್ಲಿ ಆಗಲೇ ಒಂದು ಪಟ್ಟಿ ಇರುತ್ತದೆ. ಚೆಕ್ ಗಣರಾಜ್ಯದ ಪ್ರಾಗ್ ಎರಡು ದಿನ, ಆಸ್ಟ್ರಿಯಾದ ವಿಯೆನ್ನಾ ಎರಡು ದಿನ, ಹಂಗೇರಿಯ ಬುಡಾಪೆಸ್ಟ್ ಎರಡು ದಿನ. ನಕಾಶೆಯಲ್ಲಿ ಇದು ಸಲೀಸಾಗಿಯೇ ಕಾಣುತ್ತದೆ. ಪ್ರಾಗಿನಿಂದ ವಿಯೆನ್ನಾಕ್ಕೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ, ವಿಯೆನ್ನಾದಿಂದ ಬುಡಾಪೆಸ್ಟಿಗೆ ಎರಡೂಮುಕ್ಕಾಲು ಗಂಟೆಯ ಆಸುಪಾಸು. ಆದರೆ ಊರು ಬದಲಿಸುವ ದಿನ ಬೆಳಗ್ಗೆ ಹತ್ತು ಹನ್ನೊಂದಕ್ಕೆ ರೂಮು ಖಾಲಿ ಮಾಡಬೇಕು, ಹೊಸ ಊರಿನ ರೂಮು ಸಿಗುವುದು ಮಧ್ಯಾಹ್ನ ಮೂರಕ್ಕೆ. ನಡುವೆ ಗಂಟುಮೂಟೆ ಎಳೆದುಕೊಂಡು ನಿಲ್ದಾಣ, ಲಾಕರ್, ಊಟದ ಹುಡುಕಾಟ. ಆರು ದಿನದಲ್ಲಿ ಎರಡು ದಿನ ಹೀಗೆ ಕಳೆದುಹೋಗುತ್ತವೆ.

ಅದಕ್ಕೆ ನಾನು ಎಲ್ಲರಿಗೂ ಒಂದೇ ಮಾತು ಹೇಳುವುದು: ನಾಲ್ಕು ರಾತ್ರಿ ಇದ್ದರೆ ಒಂದೇ ಊರು, ಒಂದೇ ಹಾಸಿಗೆ. ಮೂರನೆಯ ದಿನ ಬೆಳಗ್ಗೆ ನಕಾಶೆ ನೋಡದೆ ಹಾಲಿನ ಅಂಗಡಿಗೆ ಹೋಗಿ ಬರುವಷ್ಟು ಆ ಊರು ಪರಿಚಯವಾಗಬೇಕು.

ಹಾಗಾದರೆ ಯಾವ ಊರು? ಮೂರೂ ಒಂದು ಕಾಲದಲ್ಲಿ ಹ್ಯಾಬ್ಸ್‌ಬರ್ಗ್ ಮನೆತನದ ಆಳ್ವಿಕೆಯಲ್ಲಿದ್ದವು. ಮೂರರಲ್ಲೂ ನದಿ, ಅರಮನೆ, ಟ್ರಾಮು. ಫೋಟೊ ನೋಡಿ ಆರಿಸಲು ಹೊರಟರೆ ಮೂರೂ ಒಂದೇ ಥರ ಚೆಂದ. ನನ್ನ ಪ್ರಕಾರ ಆಯ್ಕೆ ನಿಲ್ಲುವುದು ಯಾರ ಜೊತೆ ಹೋಗುತ್ತೀರಿ, ಸಂಜೆ ಏನು ಮಾಡುತ್ತೀರಿ, ಯಾವ ತಿಂಗಳು ಎಂಬುದರ ಮೇಲೆ.

ಮೊದಲು ಮೊಣಕಾಲು

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನೇ ಮೊದಲು ನೋಡಬೇಕು. ಪ್ರಾಗಿನ ಹಳೇ ಊರಿನಲ್ಲಿ ದಾರಿಯೆಲ್ಲ ಕಲ್ಲುಹಾಸು. ಅಂಗೈಯಗಲದ ಕಲ್ಲುಗಳು, ಅವುಗಳ ನಡುವೆ ಸಂದು. ನೋಡಲು ಸೊಗಸು, ಅರ್ಧ ದಿನ ನಡೆದ ಮೇಲೆ ಪಾದಕ್ಕೆ ಅದರ ಅರ್ಥ ಗೊತ್ತಾಗುತ್ತದೆ. ಜೊತೆಗೆ ಕೋಟೆ ಇರುವುದು ಗುಡ್ಡದ ಮೇಲೆ. ಅಮ್ಮ ಅಲ್ಲಿ ಮೊದಲ ದಿನವೇ ಮಧ್ಯಾಹ್ನ ಕಟ್ಟೆ ಹುಡುಕಿ ಕೂತುಬಿಟ್ಟಿದ್ದರು. ತಪ್ಪು ನನ್ನದು, ಕೆಳಗಿನಿಂದ ಮೆಟ್ಟಿಲು ಹತ್ತಿಸಿದ್ದೆ. ಹತ್ತುವುದೇ ಬೇಕಿಲ್ಲ. 22ನೇ ನಂಬರಿನ ಟ್ರಾಮ್ ಹಿಡಿದು ಪೊಹೊರ್ಜೆಲೆಟ್ಸ್ ನಿಲ್ದಾಣದವರೆಗೆ ಹೋಗಿ, ಸ್ಟ್ರಾಹೋವ್ ಮಠದ ಗ್ರಂಥಾಲಯ ನೋಡಿ, ಅಲ್ಲಿಂದ ಕೋಟೆಯ ಮೂಲಕ ಇಳಿಯುತ್ತಾ ಬಂದರೆ ಇಡೀ ದಿನ ಇಳಿಜಾರೇ.

ವಿಯೆನ್ನಾ ಬಹುಮಟ್ಟಿಗೆ ಸಮತಟ್ಟು. ಫುಟ್‌ಪಾತ್ ಅಗಲ, ಮೆಟ್ರೊ ನಿಲ್ದಾಣಗಳಲ್ಲಿ ಲಿಫ್ಟ್, ಉದ್ಯಾನಗಳಲ್ಲಿ ಬೇಕಾದಷ್ಟು ಬೆಂಚು. ಸಂತ ಸ್ಟೀಫನ್ನರ ಚರ್ಚಿನ ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲು. ಅದನ್ನು ಬಿಡಿ, ಉತ್ತರ ಗೋಪುರಕ್ಕೆ ಲಿಫ್ಟ್ ಇದೆ. ಅಲ್ಲಿ ತೂಗುವ ದೊಡ್ಡ ಗಂಟೆಗೂ ಕಥೆಯುಂಟು. 1683ರಲ್ಲಿ ಊರಿಗೆ ಮುತ್ತಿಗೆ ಹಾಕಿದ ತುರ್ಕರು ಬಿಟ್ಟುಹೋದ ಫಿರಂಗಿಗಳನ್ನು ಕರಗಿಸಿ 1711ರಲ್ಲಿ ಮೊದಲ ಗಂಟೆ ಎರಕ ಹೊಯ್ದಿದ್ದರು. 1945ರ ಬೆಂಕಿಯಲ್ಲಿ ಅದು ಬಿದ್ದು ಒಡೆಯಿತು. ಈಗಿರುವುದು ಯುದ್ಧದ ನಂತರ ಅದರದ್ದೇ ಲೋಹ ಸೇರಿಸಿ ಮಾಡಿದ್ದು.

ಬುಡಾಪೆಸ್ಟ್ ಎರಡು ಊರು ಸೇರಿದ ಊರು. ನಿಜ ಹೇಳಬೇಕೆಂದರೆ ಮೂರು. ಬುಡಾ, ಓಬುಡಾ, ಪೆಸ್ಟ್ ಒಂದಾದದ್ದು 1873ರಲ್ಲಿ. ಪೆಸ್ಟ್ ಕಡೆ ತಟ್ಟೆಯಂತೆ ಸಮ, ಬುಡಾ ಕಡೆ ಗುಡ್ಡ. ಕೋಟೆಯ ಗುಡ್ಡಕ್ಕೆ 16ನೇ ನಂಬರಿನ ಬಸ್ಸು ಹೋಗುತ್ತದೆ. ಪ್ರವಾಸಿಗರು ಹಗ್ಗದ ರೈಲಿಗೆ ಸಾಲು ನಿಂತಿರುವಾಗ ನೀವು ಬಸ್ಸಿನಲ್ಲಿ ಮೇಲೆ ಹೋಗಿ ಕೂತಿರಬಹುದು. 1896ರಲ್ಲಿ ಶುರುವಾದ, ಯುರೋಪಿನ ಮುಖ್ಯ ಭೂಭಾಗದಲ್ಲೇ ಮೊದಲನೆಯದಾದ ಭೂಗತ ರೈಲು ಇಲ್ಲಿನ ಎಂ1 ಮಾರ್ಗ. ಪುಟ್ಟ ಹಳದಿ ಡಬ್ಬಿಗಳು, ಗೋಡೆಗೆ ಬಿಳಿ ಹೆಂಚು. ಅದಕ್ಕೆ ಮೆಟ್ಟಿಲಿಳಿದೇ ಹೋಗಬೇಕು, ಆದರೆ ಆಳ ಕಡಿಮೆ.

ಕಾಲಿನ ಲೆಕ್ಕದಲ್ಲಿ ವಿಯೆನ್ನಾ ಮೊದಲು, ಬುಡಾಪೆಸ್ಟ್ ನಂತರ, ಪ್ರಾಗ್ ಕೊನೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಯಾವ ಕಾಲದ ಊರು ನೋಡಬೇಕು?

"ಐತಿಹಾಸಿಕ ರಾಜಧಾನಿ" ಎಂದು ಮೂರನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಆದರೆ ಕಣ್ಣಿಗೆ ಬೀಳುವ ಕಾಲ ಬೇರೆ ಬೇರೆ.

ಪ್ರಾಗಿನಲ್ಲಿ ಕಾಣುವುದು ನಿಜಕ್ಕೂ ಹಳೆಯದು. ನಾಲ್ಕನೇ ಚಾರ್ಲ್ಸ್ ದೊರೆ ಸೇತುವೆ ಕಟ್ಟಲು ತೊಡಗಿದ್ದು 1357ರಲ್ಲಿ, ನಮ್ಮಲ್ಲಿ ವಿಜಯನಗರ ಇನ್ನೂ ಹೊಸದಾಗಿದ್ದಾಗ. ಪುರಭವನದ ಗಡಿಯಾರ 1410ರದ್ದು. ಗಂಟೆ ಹೊಡೆಯುವುದಷ್ಟೇ ಅಲ್ಲ, ಸೂರ್ಯ ಚಂದ್ರರು ಯಾವ ರಾಶಿಯಲ್ಲಿದ್ದಾರೆಂದೂ ತೋರಿಸುತ್ತದೆ. ಪಂಚಾಂಗ ನೋಡಿ ಬೆಳೆದವರು ಅದರ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದು ಸಹಜ. ಗಂಟೆಗೊಮ್ಮೆ ಕಿಟಕಿಯಲ್ಲಿ ಹಾದುಹೋಗುವ ಬೊಂಬೆಗಳಿಗಿಂತ ಆ ಫಲಕವನ್ನೇ ನಿಧಾನವಾಗಿ ಓದಿ. ಕೋಟೆಯೊಳಗಿನ ಸಂತ ವೀಟಸ್ ಚರ್ಚಿನ ಕೆಲಸ 1344ರಲ್ಲಿ ಶುರುವಾಗಿ 1929ರಲ್ಲಿ ಮುಗಿಯಿತು. ಎರಡನೇ ಮಹಾಯುದ್ಧದಲ್ಲಿ ಈ ಊರಿಗೆ ಬಿದ್ದ ಪೆಟ್ಟು ಉಳಿದ ಎರಡಕ್ಕಿಂತ ಕಡಿಮೆ, ಹಾಗಾಗಿ ಇಷ್ಟೆಲ್ಲ ಉಳಿದಿದೆ. ವೆನ್ಸೆಸ್ಲಾಸ್ ಚೌಕಕ್ಕೆ ಹೋದಾಗ ಬಾಟಾ ಕಂಪನಿ 1929ರಲ್ಲಿ ಕಟ್ಟಿದ ಗಾಜಿನ ಕಟ್ಟಡವನ್ನು ಗಮನಿಸಿ. ಶಾಲೆಗೆ ಬಾಟಾ ಬೂಟು ಹಾಕಿಕೊಂಡು ಹೋದ ನಮ್ಮ ತಲೆಮಾರಿನ ಎಷ್ಟೋ ಜನ ಅದು ಚೆಕ್ ಕಂಪನಿ ಎಂದು ತಿಳಿದೇ ಇರಲಿಲ್ಲ.

ವಿಯೆನ್ನಾದ ಮುಖ ಮುಖ್ಯವಾಗಿ ಹತ್ತೊಂಬತ್ತನೇ ಶತಮಾನದ್ದು. ಹಳೇ ಕೋಟೆಗೋಡೆ ಕೆಡವಲು ಚಕ್ರವರ್ತಿ ಫ್ರಾಂಜ್ ಜೋಸೆಫ್ 1857ರಲ್ಲಿ ಆಜ್ಞೆ ಕೊಟ್ಟ. ಗೋಡೆಯಿದ್ದ ಜಾಗದಲ್ಲಿ ರಿಂಗ್ ರಸ್ತೆ ಬಂತು. ಹೆಸರು ಕೇಳಿದರೆ ಬೆಂಗಳೂರಿನವರಿಗೆ ಹೊಗೆ, ಸಿಗ್ನಲ್ಲು ನೆನಪಾಗುತ್ತದೆ. ಇದು ಸಾಲುಮರ, ಟ್ರಾಮು, ಒಪೆರಾ, ಸಂಸತ್ತು, ವಿಶ್ವವಿದ್ಯಾಲಯ, ಎರಡು ಎದುರುಬದುರು ವಸ್ತುಸಂಗ್ರಹಾಲಯ ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿದ ರಸ್ತೆ. ಚಿತ್ರಕಲೆ ಇಷ್ಟವಿದ್ದರೆ ಹೋಲಿಕೆ ಇಲ್ಲಿಗೇ ಮುಗಿಯಿತು, ವಿಯೆನ್ನಾಕ್ಕೇ ಹೋಗಿ. ಕಲಾ ಇತಿಹಾಸದ ಸಂಗ್ರಹಾಲಯದಲ್ಲಿ ಬ್ರೂಗೆಲ್‌ನ ಚಿತ್ರಗಳಿರುವ ಒಂದು ಕೋಣೆಯಿದೆ. ಹಿಮದಲ್ಲಿ ಬೇಟೆಯಿಂದ ಮರಳುವವರು, ಬೇಬೆಲ್ ಗೋಪುರ, ಹಳ್ಳಿಯ ಮದುವೆಯೂಟ. ಆ ಊಟದ ಚಿತ್ರದಲ್ಲಿ ಇಬ್ಬರು ಬಾಗಿಲಿನ ಹಲಗೆಯನ್ನೇ ತಟ್ಟೆ ಮಾಡಿಕೊಂಡು ಬಡಿಸಲು ಬರುತ್ತಾರೆ. ನಮ್ಮ ಕಡೆ ಮದುವೆಮನೆಯ ಪಂಕ್ತಿ ನೋಡಿದವರಿಗೆ ಆ ಗಡಿಬಿಡಿ ಪರಿಚಿತ. ಬೆಲ್ವೆಡೇರ್ ಅರಮನೆಯಲ್ಲಿ ಕ್ಲಿಮ್ಟ್‌ನ ಚಿನ್ನದ ಹಾಳೆಯ 'ಚುಂಬನ' ಚಿತ್ರ ಇದೆ. ಇವೆರಡಕ್ಕೇ ಒಂದು ಪೂರ್ತಿ ದಿನ ಕೊಡಿ.

ಶೋನ್‌ಬ್ರುನ್ ಅರಮನೆಗೆ 1441 ಕೋಣೆಗಳು, ತೋರಿಸುವುದು ಅದರಲ್ಲಿ ಕೆಲವನ್ನು. ಟಿಕೆಟ್ಟನ್ನು ಮುಂಚೆಯೇ ಸಮಯ ಹಿಡಿದು ಕೊಳ್ಳಬೇಕು. ಮೈಸೂರು ಅರಮನೆ ನೋಡಿದವರಿಗೆ ಒಳಗಿನ ವೈಭವ ಅಂಥ ಬೆರಗು ಹುಟ್ಟಿಸಲಿಕ್ಕಿಲ್ಲ, ಆದರೆ ಹಿಂದಿನ ತೋಟಕ್ಕೆ ದುಡ್ಡಿಲ್ಲದೆ ಪ್ರವೇಶ. ನಾನಾದರೆ ದಿಬ್ಬದ ಮೇಲಿನ ಮಂಟಪದವರೆಗೆ ನಡೆದು, ಅಲ್ಲಿಂದ ಊರು ನೋಡಿ ಹಿಂದಿರುಗುತ್ತೇನೆ.

ಬುಡಾಪೆಸ್ಟ್ ತನ್ನನ್ನು ತಾನು ಕಟ್ಟಿಕೊಂಡದ್ದು ಮಗ್ಯಾರರು, ಅಂದರೆ ಹಂಗೇರಿಯ ಜನ, ಈ ನಾಡಿಗೆ ಬಂದು ಸಾವಿರ ವರ್ಷವಾದ 1896ರ ಸಂಭ್ರಮದ ಸುತ್ತ. ಅವರು ಬಂದದ್ದು 896ರಲ್ಲಿ ಎಂಬ ಲೆಕ್ಕ. ಸಂಸತ್ ಭವನದ ಗುಮ್ಮಟ 96 ಮೀಟರ್, ಸಂತ ಸ್ಟೀಫನ್ನರ ಬಸಿಲಿಕವೂ 96 ಮೀಟರ್. ಡ್ಯಾನ್ಯೂಬ್ ದಂಡೆಯ ಆ ಸಂಸತ್ತಿನೊಳಗೆ ಹೋಗಲು ದಿನಗಳ ಮುಂಚೆಯೇ ಟಿಕೆಟ್ ತೆಗೆದುಕೊಳ್ಳಿ, ಬಾಗಿಲಿಗೆ ಹೋಗಿ ಸಿಗುತ್ತದೆಂದು ನಂಬಬೇಡಿ. ಅಲ್ಲಿಂದ ನದಿಯ ಅಂಚಿನಲ್ಲೇ ದಕ್ಷಿಣಕ್ಕೆ ನಡೆದರೆ ಕಬ್ಬಿಣದ ಅರವತ್ತು ಜೊತೆ ಬೂಟುಗಳು ಸಿಗುತ್ತವೆ. 1944–45ರ ಚಳಿಗಾಲದಲ್ಲಿ ಯಹೂದಿಗಳನ್ನು ಇದೇ ದಂಡೆಯಲ್ಲಿ ನಿಲ್ಲಿಸಿ, ಬೂಟು ಬಿಚ್ಚಿಸಿ, ಗುಂಡಿಟ್ಟು ನದಿಗೆ ಕೆಡವಿದ್ದರ ನೆನಪಿಗೆ 2005ರಲ್ಲಿ ಇಟ್ಟದ್ದು. ಮಕ್ಕಳ ಬೂಟುಗಳೂ ಇವೆ. ಪ್ರಾಗಿನ ಪಿಂಕಸ್ ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾ ಮಂದಿರದ ಗೋಡೆಗಳ ಮೇಲೆ ನಾಜಿಗಳ ಕಾಲದಲ್ಲಿ ಕೊಲೆಯಾದವರ ಸುಮಾರು 78 ಸಾವಿರ ಹೆಸರುಗಳಿವೆ. ಯಾವ ಊರಿಗೆ ಹೋದರೂ ಒಂದು ಅರ್ಧ ದಿನವನ್ನು ಇಂಥ ಜಾಗಕ್ಕೆ ಮೀಸಲಿಡಿ, ಅದರ ಬೆನ್ನಿಗೆ ಇನ್ನೇನನ್ನೂ ಇಟ್ಟುಕೊಳ್ಳಬೇಡಿ.

ಇನ್ನೊಂದು ಸಂಗತಿ: ನಮ್ಮ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಹುಟ್ಟಿದ್ದು ಬುಡಾಪೆಸ್ಟಿನಲ್ಲಿ, 1913ರ ಜನವರಿಯಲ್ಲಿ. ತಾಯಿ ಹಂಗೇರಿಯವರು.

ಸಂಜೆ ಆರರ ಮೇಲೆ

ಹಗಲು ಎಲ್ಲ ಊರಲ್ಲೂ ಕಳೆಯುತ್ತದೆ. ವಸ್ತುಸಂಗ್ರಹಾಲಯಗಳು ಬಾಗಿಲು ಹಾಕಿದ ಮೇಲೆ, ಊಟಕ್ಕೂ ಮೊದಲಿನ ಆ ಮೂರು ಗಂಟೆಯಲ್ಲಿ ಊರುಗಳ ವ್ಯತ್ಯಾಸ ತಿಳಿಯುವುದು.

ವಿಯೆನ್ನಾದ ಸಂಜೆ ಸಂಗೀತದ್ದು. 1869ರಲ್ಲಿ ತೆರೆದ ಅಲ್ಲಿನ ಸರ್ಕಾರಿ ಒಪೆರಾದಲ್ಲಿ ನಿಂತು ನೋಡುವ ಜಾಗಗಳು ನಾನೂರಕ್ಕೂ ಹೆಚ್ಚಿವೆ. ಕೂರುವ ಟಿಕೆಟ್ಟಿಗೆ ನೂರಾರು ಯೂರೊ ಕೊಡುವವರ ಬೆನ್ನ ಹಿಂದೆಯೇ ಒಂದು ಕಾಫಿ ಕೇಕಿನಷ್ಟು ದುಡ್ಡಿಗೆ ಅದೇ ಗಾಯನ. ಮುಂದಿರುವ ಪುಟ್ಟ ಪರದೆಯಲ್ಲಿ ಇಂಗ್ಲಿಷ್ ಅನುವಾದ ಓಡುತ್ತಿರುತ್ತದೆ. ಮೂರು ಗಂಟೆ ನಿಲ್ಲಬೇಕಲ್ಲ ಎಂದು ಹೆದರಬೇಡಿ, ಮಧ್ಯಂತರದಲ್ಲಿ ಹೊರಬಂದರೂ ಯಾರೂ ಏನೂ ಅನ್ನುವುದಿಲ್ಲ. ಸೀರೆ ಉಟ್ಟು ಹೋಗಿ, ಆ ಮೆಟ್ಟಿಲುಗಳಿಗೆ ಒಪ್ಪುತ್ತದೆ. ಆದರೆ ಜುಲೈ, ಆಗಸ್ಟಿನಲ್ಲಿ ಒಪೆರಾಕ್ಕೆ ರಜೆ. ಆ ಎರಡು ತಿಂಗಳು ಪುರಭವನದ ಮುಂದಿನ ಚೌಕದಲ್ಲಿ ದೊಡ್ಡ ಪರದೆ ಕಟ್ಟಿ ಒಪೆರಾ, ಕಛೇರಿಗಳ ಚಿತ್ರೀಕರಣವನ್ನು ಬಿಟ್ಟಿಯಾಗಿ ತೋರಿಸುತ್ತಾರೆ.

ಸಂಗೀತ ಬೇಡವೆಂದರೆ ಕಾಫಿ ಮನೆ. ಒಂದು ಕಾಫಿ ಹೇಳಿ ಎರಡು ಗಂಟೆ ಕೂತರೂ ಎಬ್ಬಿಸುವುದಿಲ್ಲ. ಬೆಳ್ಳಿ ತಟ್ಟೆಯಲ್ಲಿ ಕಾಫಿಯ ಜೊತೆ ಒಂದು ಲೋಟ ನೀರು ಬರುತ್ತದೆ. ಆ ನೀರು ಆಲ್ಪ್ಸ್ ಬೆಟ್ಟದ ಒರತೆಗಳಿಂದ 1873ರಿಂದಲೂ ಕೊಳವೆಯಲ್ಲಿ ಊರಿಗೆ ಬರುತ್ತಿರುವಂಥದ್ದು. ನಲ್ಲಿಯಿಂದ ನೇರವಾಗಿ ಕುಡಿಯಿರಿ, ಬಾಟಲಿಗೆ ದುಡ್ಡು ಹಾಕಬೇಡಿ.

ಬುಡಾಪೆಸ್ಟಿನ ಸಂಜೆ ಬಿಸಿನೀರಿನದ್ದು. ಊರ ಕೆಳಗೇ ಬಿಸಿನೀರಿನ ಒರತೆಗಳಿವೆ. 1541ರಿಂದ 1686ರವರೆಗೆ ಬುಡಾವನ್ನು ಆಳಿದ ತುರ್ಕರು ಅವುಗಳ ಮೇಲೆ ಗುಮ್ಮಟ ಕಟ್ಟಿದರು. ರುಡಾಶ್ ಸ್ನಾನದ ಮನೆಯಲ್ಲಿ ಆ ಕಾಲದ ಎಂಟು ಮೂಲೆಯ ಕೊಳ ಇವತ್ತಿಗೂ ಇದೆ. ಗುಮ್ಮಟದ ಬಣ್ಣದ ಗಾಜಿನ ಕಿಂಡಿಗಳಿಂದ ಬೆಳಕು ಕೋಲುಕೋಲಾಗಿ ಹಬೆಯೊಳಗೆ ಇಳಿಯುತ್ತದೆ. 1913ರ ಸೇಚೇನಿ ದೊಡ್ಡದು, ಹಳದಿ ಅರಮನೆಯಂತಿದೆ, ಬಯಲಿನಲ್ಲೇ ಬಿಸಿನೀರ ಕೊಳ. ಚಳಿಗಾಲದಲ್ಲಿ ತಲೆಯ ಮೇಲೆ ಹಿಮ ಬೀಳುತ್ತಿರುತ್ತದೆ, ಎದೆಮಟ್ಟ ನೀರಲ್ಲಿ ಮುದುಕರು ಚೆಸ್ ಆಡುತ್ತಿರುತ್ತಾರೆ. ನಮ್ಮ ಮಲೆನಾಡಿನ ಬಚ್ಚಲ ಹಂಡೆಯ ನೀರಿನ ಸುಖ ಬಲ್ಲವರು ಇಲ್ಲಿಂದ ಏಳುವುದು ಕಷ್ಟ.

ನಮ್ಮ ಮನೆಗಳ ಹೆಂಗಸರು ಇಲ್ಲಿ ಹಿಂಜರಿಯುತ್ತಾರೆ, ಅದು ಅರ್ಥವಾಗುವಂಥದ್ದೇ. ಚೂಡಿದಾರ್ ಅಥವಾ ಹತ್ತಿ ಅಂಗಿಯಲ್ಲಿ ನೀರಿಗಿಳಿಯುವಂತಿಲ್ಲ, ಈಜುಡುಗೆಯೇ ಬೇಕು. ಹೊರಡುವ ಮುಂಚೆ ಊರಲ್ಲೇ ಒಗ್ಗುವಂಥದ್ದನ್ನು ನೋಡಿ ಕೊಂಡುಕೊಳ್ಳಿ. ರುಡಾಶ್‌ನ ತುರ್ಕಿ ಭಾಗದಲ್ಲಿ ಹೆಂಗಸರಿಗಷ್ಟೇ ಮೀಸಲಾದ ದಿನ, ಗಂಡಸರಿಗಷ್ಟೇ ಮೀಸಲಾದ ದಿನ ಅಂತ ಇರುತ್ತದೆ. ಟಿಕೆಟ್ಟಿಗೆ ಮೊದಲು ವಾರ ನೋಡಿ. ಮಕ್ಕಳಿದ್ದರೆ ವಯಸ್ಸಿನ ನಿಯಮವನ್ನೂ ಕೇಳಿಕೊಳ್ಳಿ, ಎಲ್ಲ ಕಡೆ ಚಿಕ್ಕವರನ್ನು ಬಿಡುವುದಿಲ್ಲ. ಚಪ್ಪಲಿ, ಟವೆಲ್ ನಿಮ್ಮದೇ ಒಯ್ದರೆ ದುಡ್ಡು ಉಳಿತಾಯ. ಬಿಪಿ ಇರುವವರು ಬಿಸಿ ಕೊಳದಲ್ಲಿ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ.

ಸ್ನಾನ ಮುಗಿಸಿ 2ನೇ ನಂಬರಿನ ಟ್ರಾಮಿನಲ್ಲಿ ಪೆಸ್ಟ್ ದಂಡೆಯುದ್ದಕ್ಕೂ ಹೋಗಿ. ದೀಪ ಹಚ್ಚಿದ ಸರಪಳಿ ಸೇತುವೆ, ಆಚೆ ದಡದ ಕೋಟೆ, ಎಲ್ಲವೂ ಬಸ್ ಟಿಕೆಟ್ಟಿನ ದುಡ್ಡಿಗೆ. ಮೂರು ಊರುಗಳಲ್ಲಿ ರಾತ್ರಿ ಅತಿ ಚೆಂದ ಕಾಣುವುದು ಇದೇ.

ಪ್ರಾಗಿನ ವಿಷಯ ತಿರುವುಮುರುವು. ಅದರ ಒಳ್ಳೆಯ ಹೊತ್ತು ಸಂಜೆಯಲ್ಲ, ಬೆಳಗಿನ ಜಾವ. ಹಗಲು ಹತ್ತರ ಮೇಲೆ ಚಾರ್ಲ್ಸ್ ಸೇತುವೆಯಲ್ಲಿ ಜಾತ್ರೆಯ ನೂಕುನುಗ್ಗಲು, ಮೂವತ್ತು ವಿಗ್ರಹಗಳಲ್ಲಿ ಒಂದನ್ನೂ ನೆಮ್ಮದಿಯಾಗಿ ನೋಡಲಾಗದು. ಬೆಳಗ್ಗೆ ಐದೂವರೆಗೆ ಎದ್ದು ಹೋಗಿ. ನದಿಯ ಮೇಲೆ ಮಂಜು, ಹಂಸಗಳು, ದೂರದಲ್ಲಿ ಮೊದಲ ಟ್ರಾಮಿನ ಸದ್ದು. ಬೆಳಗ್ಗೆ ಬೇಗ ಏಳುವ ಅಭ್ಯಾಸವಿಲ್ಲದವರಿಗೆ ಪ್ರಾಗ್ ಹೇಳಿಮಾಡಿಸಿದ್ದಲ್ಲ ಎಂದು ನಾನು ಕಡ್ಡಿ ಮುರಿದಂತೆ ಹೇಳುತ್ತೇನೆ.

ಊಟ, ದುಡ್ಡು

ಮಾಂಸ ತಿನ್ನುವವರಿಗೆ ಮೂರೂ ಹಬ್ಬ. ಸಸ್ಯಾಹಾರಿಗಳಿಗೆ ವಿಯೆನ್ನಾ ಸುಲಭ: ನಾಷ್‌ಮಾರ್ಕ್ಟ್ ಸಂತೆಯಲ್ಲಿ ಫಲಾಫೆಲ್ ಇದೆ, ಸಾಧಾರಣ ಹೋಟೆಲುಗಳಲ್ಲೂ ಚೀಸ್ ಸೇರಿಸಿದ ಹಿಟ್ಟಿನ ಖಾದ್ಯ ಸಿಗುತ್ತದೆ. ಮೊಟ್ಟೆ ತಿನ್ನದವರು ಮಾತ್ರ ಪ್ರತಿಸಲ ಕೇಳಲೇಬೇಕು. ಪ್ರಾಗಿನಲ್ಲಿ ಬ್ರೆಡ್ಡಿನ ಪುಡಿ ಹಚ್ಚಿ ಕರಿದ ಚೀಸು, ಹಣ್ಣು ತುಂಬಿ ಬೇಯಿಸಿದ ಕ್ನೆಡ್ಲೀಕಿ. ಎರಡನೆಯದು ನಮ್ಮ ಸಿಹಿ ಕಡುಬಿನ ದೂರದ ನೆಂಟ. ಬುಡಾಪೆಸ್ಟಿನ ಲಾಂಗೋಶ್ ಎಂದರೆ ಭಟೂರೆಯಂಥ ಕರಿದ ರೊಟ್ಟಿ, ಮೇಲೆ ಬೆಳ್ಳುಳ್ಳಿ ನೀರು, ಹುಳಿಕೆನೆ, ಚೀಸು. ಹಂಗೇರಿಯ ಅಡುಗೆಯಲ್ಲಿ ಹಂದಿಕೊಬ್ಬು ಬಳಸುವ ರೂಢಿಯಿದೆ. ತರಕಾರಿ ಎಂದು ಬರೆದಿದ್ದರೂ ಯಾವ ಎಣ್ಣೆಯಲ್ಲಿ ಮಾಡಿದ್ದೆಂದು ಕೇಳಿ.

ವಿಯೆನ್ನಾದಲ್ಲಿ ಯೂರೊ, ಪ್ರಾಗಿನಲ್ಲಿ ಕೊರುನಾ, ಬುಡಾಪೆಸ್ಟಿನಲ್ಲಿ ಫೋರಿಂಟ್. ರೂಮು, ಊಟ ಎರಡರಲ್ಲೂ ವಿಯೆನ್ನಾ ದುಬಾರಿ, ಬುಡಾಪೆಸ್ಟ್ ಅಗ್ಗ. ಪ್ರಾಗ್ ಅಗ್ಗವೆಂಬ ಮಾತು ಹಳೇ ಊರಿನ ಚೌಕದಲ್ಲಿ ನಡೆಯುವುದಿಲ್ಲ. ಕಾರ್ಡ್ ಯಂತ್ರ "ರೂಪಾಯಿಯಲ್ಲೋ, ಇಲ್ಲಿನ ಹಣದಲ್ಲೋ" ಎಂದು ಕೇಳಿದರೆ ಯಾವಾಗಲೂ ಅಲ್ಲಿನ ಹಣವನ್ನೇ ಒತ್ತಿ. ಪ್ರಾಗಿನ ಹಣ ಬದಲಿಸುವ ಅಂಗಡಿಯಲ್ಲಿ ಮೋಸಹೋದೆವೆನಿಸಿದರೆ ರಸೀದಿ ಹಿಡಿದು ಮೂರು ಗಂಟೆಯೊಳಗೆ ವಾಪಸು ಹೋಗಿ. ಸಾವಿರ ಯೂರೊವರೆಗಿನ ವಿನಿಮಯವನ್ನು ರದ್ದು ಮಾಡಿಸುವ ಹಕ್ಕನ್ನು ಅಲ್ಲಿನ ಕಾನೂನು ಕೊಟ್ಟಿದೆ.

ಟ್ರಾಮಿನಲ್ಲಿ ಕಂಡಕ್ಟರ್ ಬರುವುದಿಲ್ಲ. ಕಾಗದದ ಟಿಕೆಟ್ಟನ್ನು ನೀವೇ ಯಂತ್ರಕ್ಕೆ ಕೊಟ್ಟು ಮುದ್ರೆ ಒತ್ತಿಸಬೇಕು. ಮರೆತರೆ, ಜೇಬಲ್ಲಿ ಟಿಕೆಟ್ ಇದ್ದರೂ ದಂಡ. ದಿನಗಟ್ಟಲೆಯ ಪಾಸ್ ತೆಗೆದುಕೊಂಡು ಮೊದಲನೇ ದಿನವೇ ಒತ್ತಿಸಿದರೆ ಈ ಚಿಂತೆಯಿಲ್ಲ. ಮತ್ತೆ, ಭಾನುವಾರ ವಿಯೆನ್ನಾದಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಹಾಲು, ಮೊಸರು, ಬ್ರೆಡ್ಡು ಶನಿವಾರವೇ ತಂದಿಡಿ.

ಯಾವಾಗ, ಎಲ್ಲಿ ಉಳಿಯುವುದು

ನಮ್ಮ ಶಾಲೆಗಳ ಬೇಸಿಗೆ ರಜೆ, ದಸರಾ ರಜೆ ಎರಡೂ ಇಲ್ಲಿನ ಒಳ್ಳೆಯ ಕಾಲಕ್ಕೇ ಹೊಂದುತ್ತವೆ. ಏಪ್ರಿಲ್ ಕೊನೆ, ಮೇ, ಅಕ್ಟೋಬರ್ ಮೂರು ಊರಿಗೂ ಚೆನ್ನ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ. ಆಗ ಬುಡಾಪೆಸ್ಟ್ ಅಥವಾ ವಿಯೆನ್ನಾ, ಏಕೆಂದರೆ ಎರಡರ ಒಳ್ಳೆಯದೂ ಕತ್ತಲಾದ ಮೇಲೆಯೇ.

ವಿಯೆನ್ನಾದಲ್ಲಿ ಪ್ರಾಟರ್‌ಸ್ಟರ್ನ್ ನಿಲ್ದಾಣದ ಹತ್ತಿರ ಉಳಿಯಿರಿ, ಮೆಟ್ರೊದಲ್ಲಿ ಊರ ನಡುವಿಗೆ ಐದು ನಿಮಿಷ. ಪ್ರಾಗಿನಲ್ಲಿ ವಿನೊಹ್ರಾಡಿ ಬಡಾವಣೆ. ಸೂಟ್‌ಕೇಸನ್ನು ಕಲ್ಲುಹಾಸಿನ ಮೇಲೆ ಎಳೆಯುವ ಪಾಡು ತಪ್ಪುತ್ತದೆ. ಬುಡಾಪೆಸ್ಟಿನಲ್ಲಿ ಐದು ಅಥವಾ ಆರನೇ ಜಿಲ್ಲೆ. ಏಳನೇ ಜಿಲ್ಲೆಯಲ್ಲಿ ಬಾರುಗಳ ಗದ್ದಲ ನಡುರಾತ್ರಿ ಕಳೆದರೂ ನಿಲ್ಲದು, ಮಕ್ಕಳು ಹಿರಿಯರು ಇದ್ದರೆ ಬೇಡ.

ಹಾಗಾಗಿ ನನ್ನ ಮಾತು ಇಷ್ಟು. ಅಪ್ಪ ಅಮ್ಮನ ಜೊತೆ, ಅಥವಾ ಸಂಗೀತ, ಚಿತ್ರ ಇಷ್ಟಪಡುವವರ ಜೊತೆ ಹೋಗುವುದಾದರೆ ವಿಯೆನ್ನಾ. ಹೊಸದಾಗಿ ಮದುವೆಯಾದವರು, ಗೆಳೆಯರ ಗುಂಪು, ಕೈಯಲ್ಲಿ ದುಡ್ಡು ಬಿಗಿ ಇರುವವರು ಬುಡಾಪೆಸ್ಟಿಗೆ ಹೋಗಿ. ಕಾಲಲ್ಲಿ ಕಸುವಿದ್ದು, ಹಳೇ ಕಲ್ಲಿನ ಮೇಲೆ ಪ್ರೀತಿಯಿದ್ದು, ನಸುಕಿಗೆ ಏಳಬಲ್ಲವರಿಗೆ ಪ್ರಾಗಿನಂಥ ಊರು ಇನ್ನೊಂದಿಲ್ಲ.

ಮೂರೂ ದೇಶ ಷೆಂಗೆನ್ ಒಪ್ಪಂದದಲ್ಲಿವೆ, ಒಂದೇ ವೀಸಾ ಸಾಕು. ಹೆಚ್ಚು ರಾತ್ರಿ ಎಲ್ಲಿ ಕಳೆಯುತ್ತೀರೋ ಆ ದೇಶಕ್ಕೆ ಅರ್ಜಿ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಕೊಡಬಹುದು, ಕನಿಷ್ಠ 30,000 ಯೂರೊ ಮೊತ್ತದ ವಿಮೆ ಬೇಕು. ಬೇಸಿಗೆಯ ಮುಂಚೆ ಅರ್ಜಿ ಕೊಡುವ ಸಮಯ ಸಿಗುವುದೇ ತ್ರಾಸ, ವಿಮಾನದ ಟಿಕೆಟ್ಟಿಗಿಂತ ಮೊದಲು ಅದನ್ನು ನೋಡಿ.

ಇಷ್ಟೆಲ್ಲ ಆದಮೇಲೂ ಮನೆಯಲ್ಲಿ ಒಬ್ಬರು "ಇಷ್ಟು ದೂರ ಬಂದು ಒಂದೇ ದೇಶವಾ?" ಎಂದು ಮುಖ ಸಣ್ಣ ಮಾಡಿಕೊಂಡರೆ ವಿಯೆನ್ನಾದಿಂದ ಬೆಳಗ್ಗೆ ಬ್ರಾಟಿಸ್ಲಾವಾಕ್ಕೆ ರೈಲು ಹತ್ತಿಸಿ. ಸ್ಲೊವಾಕಿಯಾದ ರಾಜಧಾನಿ, ಒಂದು ಗಂಟೆಯ ದಾರಿ. ಡ್ಯಾನ್ಯೂಬ್ ದಂಡೆಯಲ್ಲಿ ಊಟ ಮಾಡಿ, ಕೋಟೆ ಹತ್ತಿ ಇಳಿದು, ಸಂಜೆ ಐದರ ರೈಲಿಗೆ ಬಂದರೆ ಒಪೆರಾದ ಹೊತ್ತಿಗೆ ವಿಯೆನ್ನಾದಲ್ಲಿರುತ್ತೀರಿ. ಸೂಟ್‌ಕೇಸು ಬೆಳಗ್ಗೆ ಬಿಟ್ಟ ಜಾಗದಲ್ಲೇ ಇರುತ್ತದೆ.